ಹಿಡಿಯುವುದೂ ಬಿಡುವುದೂ

ನೆರವಾಗುವುದು ಎಂದರೇನು? ಒಬ್ಬರು ಇನ್ನೊಬ್ಬರಿಗೆ ನಿಜವಾಗಿ ನೆರವಾಗಬೇಕಾದರೆ ಅವರಿಗೆ ತಕ್ಕಂತೆ ಹೊಂದಿಕೊಳ್ಳಬೇಕೇ, ಅವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕೇ, ಅಥವಾ ಹೊತ್ತು ಬಂದಾಗ ಬಿಟ್ಟುಕೊಡಬೇಕೇ? ತಾಯ್ತಂದೆಯರು, ಉಪಾಧ್ಯಾಯರು, ಸಂಘಸಂಸ್ಥೆಗಳನ್ನು ನಡೆಸುವವರು ಎಂದಾದರೊಮ್ಮೆ ಎದುರಿಸಲೇಬೇಕಾದ ಪ್ರಶ್ನೆಯಿದು. ಇದಕ್ಕೆ ಧರ್ಮಗ್ರಂಥಗಳಲ್ಲಿ, ನೀತಿಶಾಸ್ತ್ರಗಳಲ್ಲಿ ಉತ್ತರ ಹುಡುಕುವುದು ವಾಡಿಕೆ. ನಾವಿಲ್ಲಿ ಬೇರೊಂದು ದಾರಿ ಹಿಡಿದು, ಕೋಳಿಮೊಟ್ಟೆಯ ಬಿಳಿಯಲ್ಲಿರುವ ಒಂದು ಕಿಣ್ವದ ಚಿತ್ರದ ಮುಂದೆ ನಿಂತು ಈ ಪ್ರಶ್ನೆಯನ್ನು ಕೇಳಬಯಸುತ್ತೇವೆ.

ವಿಜ್ಞಾನ ನಮ್ಮ ಅಧ್ಯಯನದ ವಿಷಯವಲ್ಲ. ವಿಜ್ಞಾನದ ಅಧ್ಯಾಪಕರು ರಜೆಯಲ್ಲಿದ್ದಾಗ ಅವರ ಪಾಠವನ್ನು ತೆಗೆದುಕೊಳ್ಳುವ ಭಾರ ಮುಖ್ಯೋಪಾಧ್ಯಾಯರ ಮೇಲೆ ಬೀಳುವುದುಂಟು. ಅಂತಹ ದಿನಗಳಲ್ಲಿ ಕಿಣ್ವಗಳ ಪಾಠಕ್ಕಾಗಿ ನಾವು ಕರಿಹಲಗೆಯ ಮೇಲೆ ಒಂದು ಬೀಗವನ್ನೂ ಒಂದು ಬೀಗದ ಕೈಯನ್ನೂ ಬರೆದದ್ದಿದೆ. ಬಾಯಲ್ಲಿ ಅವಲಕ್ಕಿಯನ್ನು ಬಹಳ ಹೊತ್ತು ಜಗಿದರೆ ಸಿಹಿಯಾಗುವುದೇಕೆ ಎಂದು ಕೇಳಿ, ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ ಎಂದು ಹೇಳಿ, ಪ್ರತಿಯೊಂದು ಕಿಣ್ವಕ್ಕೂ ಅದರದೇ ವಸ್ತು, ಪ್ರತಿಯೊಂದು ಬೀಗಕ್ಕೂ ಅದರದೇ ಕೈ ಎಂದು ಮುಗಿಸುತ್ತಿದ್ದೆವು. ಮಕ್ಕಳಿಗೆ ಅರ್ಥವಾಗುತ್ತಿತ್ತು. ನಮಗೂ ಅರ್ಥವಾಗಿದೆಯೆಂದೇ ತಿಳಿದಿದ್ದೆವು. ನಿವೃತ್ತಿಯ ಬಳಿಕ ಬಿಡುವಾಗಿ ಓದಲು ತೊಡಗಿದಾಗ, ಆ ಚಿತ್ರದಲ್ಲಿ ಮುಖ್ಯವಾದುದೊಂದು ಬಿಟ್ಟುಹೋಗಿದೆ ಎಂಬುದು ತಿಳಿಯಿತು. ಬೀಗಕ್ಕೆ ಕೈ ಹೊಂದುವುದೇನೋ ನಿಜ. ಆದರೆ ಹೊಂದಿದ ಮೇಲೆ ಏನಾಗುತ್ತದೆ ಎಂಬುದನ್ನು ಆ ಚಿತ್ರ ಹೇಳುವುದಿಲ್ಲ.

ಬೀಗ ಮತ್ತು ಕೈಯ ಹೋಲಿಕೆಯನ್ನು 1894ರಲ್ಲಿ ಕೊಟ್ಟವರು ಜರ್ಮನಿಯ ರಸಾಯನಜ್ಞ ಎಮಿಲ್ ಫಿಷರ್. ಸಕ್ಕರೆಗಳನ್ನು ಕುರಿತು ದುಡಿಯುತ್ತಿದ್ದ ಅವರಿಗೆ, ಒಂದು ಕಿಣ್ವವು ಒಂದು ಬಗೆಯ ಸಕ್ಕರೆಯ ಸಂಯುಕ್ತವನ್ನು ಒಡೆದು, ಅದರಂತೆಯೇ ಇದ್ದು ರಚನೆಯಲ್ಲಿ ಅಲ್ಪ ವ್ಯತ್ಯಾಸವಿರುವ ಇನ್ನೊಂದನ್ನು ಮುಟ್ಟದೇ ಇರುವುದು ಕಂಡುಬಂದಿತ್ತು. ಕಿಣ್ವವೆಂದರೆ ಯಾವ ಪದಾರ್ಥವೆಂಬುದೇ ಆಗ ತಿಳಿದಿರಲಿಲ್ಲ. ಅಮೆರಿಕದ ಜೇಮ್ಸ್ ಸಮ್ನರ್ ಒಂಬತ್ತು ವರ್ಷ ದುಡಿದು, 1926ರಲ್ಲಿ ಜ್ಯಾಕ್ ಬೀನ್ ಎಂಬ ಅವರೆಜಾತಿಯ ಬೀಜದಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಳ ರೂಪದಲ್ಲಿ ಪಡೆದರು. ಹುಡುಗನಾಗಿದ್ದಾಗಲೇ ಬೇಟೆಯ ಅಪಘಾತವೊಂದರಲ್ಲಿ ಎಡಗೈಯನ್ನು ಕಳೆದುಕೊಂಡಿದ್ದ, ಅದುವರೆಗೆ ಎಡಚರೇ ಆಗಿದ್ದ ಮನುಷ್ಯ ಅವರು. ಕಿಣ್ವವು ಪ್ರೋಟೀನೆಂಬ ಅವರ ಮಾತನ್ನು ದೊಡ್ಡ ದೊಡ್ಡ ವಿದ್ವಾಂಸರು ಒಪ್ಪದೆ ಹಲವು ವರ್ಷ ವಾದಿಸಿದರು. 1946ರಲ್ಲಿ ನೊಬೆಲ್ ಬಹುಮಾನ ಬಂದಿತು.

ಹರಳು ದೊರೆತರೆ ಅದರ ಮೂಲಕ ಕ್ಷ-ಕಿರಣಗಳನ್ನು ಹಾಯಿಸಬಹುದು. ಹರಳಿನಲ್ಲಿ ಅಣುಗಳು ಸಾಲುಸಾಲಾಗಿ, ಒಂದರಂತೆ ಇನ್ನೊಂದು ಜೋಡಣೆಗೊಂಡಿರುವುದರಿಂದ ಕಿರಣಗಳು ಒಂದು ಕ್ರಮದಲ್ಲಿ ಚದರಿ ಹೊರಗೆ ಚುಕ್ಕೆಗಳ ವಿನ್ಯಾಸವನ್ನು ಮೂಡಿಸುತ್ತವೆ. ಆ ಚುಕ್ಕೆಗಳಿಂದ ಲೆಕ್ಕ ಹಾಕುತ್ತ ಹಿಂದಕ್ಕೆ ಹೋದರೆ ಅಣುವಿನೊಳಗೆ ಯಾವ ಪರಮಾಣು ಎಲ್ಲಿದೆ ಎಂಬ ನಕಾಶೆ ದೊರೆಯುತ್ತದೆ. ಪ್ರೋಟೀನಿನ ಹರಳನ್ನು ಒಣಗಗೊಡದೆ ಅದರ ದ್ರವದಲ್ಲೇ ಇಟ್ಟರೆ ಒಳ್ಳೆಯ ಚಿತ್ರ ಬರುತ್ತದೆ ಎಂಬುದನ್ನು 1934ರಲ್ಲಿ ಕೇಂಬ್ರಿಜ್‌ನಲ್ಲಿ ಬರ್ನಾಲ್ ಮತ್ತು ಡೊರೊತಿ ಕ್ರೋಫುಟ್ ತೋರಿಸಿದರು. ಡೊರೊತಿ ಹಾಡ್ಜ್‌ಕಿನ್ ಎಂದು ಮುಂದೆ ಪ್ರಸಿದ್ಧರಾದವರು ಇವರೇ. ಅಲ್ಲಿಂದ 31 ವರ್ಷಗಳ ಬಳಿಕ, 1965ರಲ್ಲಿ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಮೊತ್ತಮೊದಲ ಬಾರಿಗೆ ಒಂದು ಕಿಣ್ವದ ಪೂರ್ಣ ರಚನೆಯನ್ನು ಬಿಡಿಸಿ ತೋರಿಸಿದರು. ಆ ಪ್ರಬಂಧದ ಲೇಖಕರಲ್ಲಿ ವಿ. ಆರ್. ಶರ್ಮ ಎಂಬ ಹೆಸರೂ ಇದೆ. ಅವರು ಆರಿಸಿಕೊಂಡ ಕಿಣ್ವ ಲೈಸೊಜೈಮ್.

ಲೈಸೊಜೈಮ್ ನಮ್ಮ ಕಣ್ಣೀರಿನಲ್ಲಿಯೂ ಇದೆ, ಕೋಳಿಮೊಟ್ಟೆಯ ಬಿಳಿಯಲ್ಲಿ ಹೇರಳವಾಗಿಯೂ ಇದೆ. ಪೆನಿಸಿಲಿನ್ನಿನಿಂದ ಹೆಸರಾದ ಅಲೆಕ್ಸಾಂಡರ್ ಫ್ಲೆಮಿಂಗ್ ಅದಕ್ಕಿಂತ ಮೊದಲೇ, 1922ರಲ್ಲಿ, ಇದನ್ನು ಪ್ರಕಟಪಡಿಸಿದ್ದರು. ಕೆಲವು ಬ್ಯಾಕ್ಟೀರಿಯಾಗಳ ಹೊರಗೋಡೆ ಸಕ್ಕರೆಯ ಕೊಂಡಿಗಳ ಸರಪಳಿಗಳಿಂದ ಹೆಣೆದದ್ದು. ಆ ಸರಪಳಿಯನ್ನು ಕಡಿಯುವುದೇ ಲೈಸೊಜೈಮಿನ ಕೆಲಸ. ಕಿಣ್ವವು ಯಾವುದನ್ನು ಹಿಡಿದು ಮಾರ್ಪಡಿಸುತ್ತದೆಯೋ ಅದಕ್ಕೆ ವಿಜ್ಞಾನಿಗಳು ಸಬ್‌ಸ್ಟ್ರೇಟ್ ಎನ್ನುತ್ತಾರೆ. ಇಲ್ಲಿ ಸಕ್ಕರೆಯ ಸರಪಳಿಯೇ ಸಬ್‌ಸ್ಟ್ರೇಟ್. ಬಿಡಿಸಿದ ಚಿತ್ರದಲ್ಲಿ 129 ಅಮೈನೋ ಆಮ್ಲಗಳ ಒಂದು ದಾರವು ಸುತ್ತಿ ಮಡಿಚಿ ಉಂಡೆಯಾಗಿದ್ದು, ಅದರ ಒಂದು ಬದಿಯಲ್ಲಿ ಉದ್ದನೆಯ ಕಣಿವೆಯಂತಹ ಸೀಳೊಂದು ಕಾಣಿಸಿತು. ಸರಪಳಿ ಬಂದು ಕೂರುವ ಜಾಗ ಅದೇ.

ಆದರೆ ಬಂದು ಕುಳಿತದ್ದನ್ನು ನೋಡುವುದು ಹೇಗೆ? ಕಿಣ್ವವೂ ಸಬ್‌ಸ್ಟ್ರೇಟೂ ಜತೆಗೂಡಿದ ಕ್ಷಣದಲ್ಲಿಯೇ ಕೆಲಸ ನಡೆದುಹೋಗುತ್ತದೆ. ಸರಪಳಿ ತುಂಡಾಗಿ, ತುಂಡುಗಳು ಹೊರಟುಹೋಗಿ, ಕಣಿವೆ ಮತ್ತೆ ಬರಿದಾಗುತ್ತದೆ. ಚಿತ್ರ ತೆಗೆಯಲು ಬೇಕಾಗುವ ದೀರ್ಘ ಸಮಯದವರೆಗೆ ಅವು ನಿಲ್ಲುವುದಿಲ್ಲ. ಆಗ ಫಿಲಿಪ್ಸರ ಪ್ರಯೋಗಶಾಲೆಯಲ್ಲಿ ಸಂಶೋಧನ ವಿದ್ಯಾರ್ಥಿನಿಯಾಗಿದ್ದ ಲೂಯಿಸ್ ಜಾನ್ಸನ್ ಒಂದು ಉಪಾಯವನ್ನು ಅನುಸರಿಸಿದರು. ಸರಪಳಿಯ ಮೂರೇ ಕೊಂಡಿಗಳಿರುವ ತುಂಡನ್ನು ಕಿಣ್ವದ ಹರಳಿನೊಳಕ್ಕೆ ಇಳಿಸಿದರು. ಆ ತುಂಡು ಕಣಿವೆಯಲ್ಲಿ ಕೂರುತ್ತದೆ, ಆದರೆ ಕಡಿಯುವ ಜಾಗದವರೆಗೆ ಚಾಚುವುದಿಲ್ಲ. ಆದುದರಿಂದ ಬಹುಮಟ್ಟಿಗೆ ಕಡಿಯಲ್ಪಡದೆ ಉಳಿಯುತ್ತದೆ. ಹೀಗೆ ಕಿಣ್ವವು ತನ್ನ ವಸ್ತುವನ್ನು ಹಿಡಿದಿರುವ ಬಗೆಯನ್ನು ಮನುಷ್ಯರು ಮೊದಲ ಬಾರಿ ಕಂಡರು. ಕಂಡದ್ದನ್ನು ಆಧಾರವಾಗಿಟ್ಟು, ಉಳಿದ ಮೂರು ಕೊಂಡಿಗಳು ಎಲ್ಲಿ ಕೂರಬೇಕೆಂಬುದನ್ನು ಮಾದರಿಗಳನ್ನು ಕಟ್ಟಿ ಊಹಿಸಿದರು.

ಆ ಊಹೆಯಲ್ಲಿಯೇ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಸಂಗತಿಯಿದೆ. ಮೊದಲನೆಯ ಮೂರು ಕೊಂಡಿಗಳು ಕಣಿವೆಯಲ್ಲಿ ಆರಾಮವಾಗಿ ಕುಳಿತವು. ನಾಲ್ಕನೆಯದು ಮಾತ್ರ ತನ್ನ ಸಹಜವಾದ ಆಕಾರದಲ್ಲಿ ಕೂರಲಾರದು. ಈ ಸಕ್ಕರೆಯ ಉಂಗುರಕ್ಕೆ ಅತ್ಯಂತ ಸುಖವಾದ ಆಕಾರವನ್ನು ರಸಾಯನಜ್ಞರು ಕುರ್ಚಿಯೆಂದು ಕರೆಯುತ್ತಾರೆ. ನಾಲ್ಕನೆಯ ಜಾಗದಲ್ಲಿ ಕುರ್ಚಿ ತುಸು ಬಗ್ಗಿ ಚಪ್ಪಟೆಯಾಗಬೇಕು. ಸರಪಳಿ ಕಡಿಯುವುದು ಸರಿಯಾಗಿ ಇಲ್ಲಿಯೇ, ನಾಲ್ಕನೆಯ ಮತ್ತು ಐದನೆಯ ಕೊಂಡಿಗಳ ನಡುವೆ. ಎಂದರೆ ಕಿಣ್ವದ ಕಣಿವೆಯು ಬಹುಪಾಲು ಸಬ್‌ಸ್ಟ್ರೇಟಿಗೆ ಹೊಂದುತ್ತದೆ. ಕೆಲಸ ನಡೆಯುವ ಆ ಒಂದು ಜಾಗದಲ್ಲಿ ಮಾತ್ರ ಹೊಂದುವುದಿಲ್ಲ. ಅದು ಹೊಂದುವುದು ಸಕ್ಕರೆಯು ಈಗ ಇರುವ ಆಕಾರಕ್ಕಲ್ಲ, ಕಡಿಯುವ ಗಳಿಗೆಯಲ್ಲಿ ತಾಳಬೇಕಾದ ಆಕಾರಕ್ಕೆ.

ಇದನ್ನು ಚಿತ್ರ ದೊರೆಯುವ ಮೊದಲೇ ಊಹಿಸಿದ್ದವರಿದ್ದರು. ತಮ್ಮ ಕೊನೆಯ ವರ್ಷಗಳನ್ನು ಭಾರತದಲ್ಲಿ ಕಳೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೆ. ಬಿ. ಎಸ್. ಹಾಲ್ಡೇನ್ 1930ರಲ್ಲಿ ಕಿಣ್ವಗಳನ್ನು ಕುರಿತು ಬರೆದ ಪುಸ್ತಕದಲ್ಲಿ, ಬೀಗಕ್ಕೆ ಕೈ ಪೂರ್ತಿಯಾಗಿ ಹೊಂದದೆ ಅದರ ಮೇಲೆ ಒಂದಿಷ್ಟು ಒತ್ತಡವುಂಟಾಗುತ್ತದೆ ಎಂಬ ಅಭಿಪ್ರಾಯವನ್ನು ಸೂಚಿಸಿದ್ದರು. 1940ರ ದಶಕದಲ್ಲಿ ಲೈನಸ್ ಪೌಲಿಂಗ್ ಅದನ್ನು ಇನ್ನಷ್ಟು ಖಚಿತಗೊಳಿಸಿದರು: ಕಿಣ್ವವು ಅತ್ಯಂತ ಬಿಗಿಯಾಗಿ ಹಿಡಿಯುವುದು ಮೊದಲಿದ್ದ ವಸ್ತುವನ್ನಲ್ಲ, ಕೊನೆಗೆ ಆಗುವ ವಸ್ತುವನ್ನೂ ಅಲ್ಲ, ಒಂದರಿಂದ ಇನ್ನೊಂದಕ್ಕೆ ದಾಟುವಾಗಿನ ನಡುವಣ ಸ್ಥಿತಿಯನ್ನು. ಅದನ್ನು ಸಂಕ್ರಮಣ ಸ್ಥಿತಿ ಎನ್ನಬಹುದು.

ಇದೇಕೆ ಹೀಗಿರಬೇಕು? ನಮ್ಮ ಕಡೆಯವರಿಗೆ ಘಟ್ಟದ ದಾರಿಯ ಅನುಭವವಿದೆ; ಅದರಿಂದ ತಿಳಿಯುವುದು ಸುಲಭ. ವಸ್ತುವೊಂದು ಬದಲಾಗುವುದೆಂದರೆ ಈಚೆಯ ತಪ್ಪಲಿನಿಂದ ಘಟ್ಟ ಹತ್ತಿ ಆಚೆಗೆ ಇಳಿದಂತೆ. ಈಚೆಯ ತಪ್ಪಲಿನಲ್ಲಿಯೇ ಒಂದು ಸುಖವಾದ ಛತ್ರವನ್ನು ಕಟ್ಟಿದರೆ ಪ್ರಯಾಣಿಕರಿಗೆ ಹತ್ತುವುದು ಸುಲಭವಾಗುವುದಿಲ್ಲ. ಅಲ್ಲಿಂದ ಏಳುವುದೇ ಕಷ್ಟವಾಗುತ್ತದೆ. ನೆರಳೂ ನೀರೂ ಬೇಕಾದದ್ದು ಘಟ್ಟದ ಅತಿ ಕಷ್ಟದ ತಿರುವಿನಲ್ಲಿ. ಸಬ್‌ಸ್ಟ್ರೇಟನ್ನು ಅದು ಇದ್ದ ಹಾಗೆಯೇ ಪರಿಪೂರ್ಣವಾಗಿ ಅಪ್ಪಿಕೊಳ್ಳುವ ಕಿಣ್ವವಿದ್ದರೆ ಅದು ತಪ್ಪಲಿನ ಛತ್ರ. ಆ ಅಪ್ಪುಗೆಯಲ್ಲಿ ಯಾವ ಬದಲಾವಣೆಯೂ ಸುಲಭವಾಗದು.

ಬೀಗವೂ ಕೈಯೂ ಗಟ್ಟಿ ಲೋಹದವು; ಕಿಣ್ವ ಹಾಗಲ್ಲ ಎಂಬುದು ಇನ್ನೊಂದು ಮಾತು. 1958ರಲ್ಲಿ ಡೇನಿಯಲ್ ಕೋಶ್‌ಲಂಡ್, ವಸ್ತು ಬಂದು ಕೂರುವಾಗ ಕಿಣ್ವವೇ ತನ್ನ ಆಕಾರವನ್ನು ಬದಲಿಸಿಕೊಳ್ಳುತ್ತದೆ, ಕೈ ತೂರಿದಾಗ ಕೈಗವಸು ಆಕಾರ ತಾಳುವ ಹಾಗೆ, ಎಂದು ಸೂಚಿಸಿದರು. ಲೈಸೊಜೈಮಿನಲ್ಲಿ ಈ ಬದಲಾವಣೆ ಅತ್ಯಲ್ಪ. ಕಣಿವೆ ಇಕ್ಕಟ್ಟಾಗುವುದು ಒಂದು ಆಂಗ್‌ಸ್ಟ್ರಮಿಗಿಂತಲೂ ಕಡಿಮೆ. ಆಂಗ್‌ಸ್ಟ್ರಮ್ ಎಂದರೆ ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಆದರೆ ಗ್ಲೂಕೋಸನ್ನು ಹಿಡಿಯುವ ಹೆಕ್ಸೊಕೈನೇಸ್ ಎಂಬ ಕಿಣ್ವದ ಎರಡು ಹೋಳುಗಳು ಗ್ಲೂಕೋಸ್ ಬಂದೊಡನೆ ಸುಮಾರು 12 ಡಿಗ್ರಿಯಷ್ಟು ತಿರುಗಿ ಮುಚ್ಚಿಕೊಳ್ಳುತ್ತವೆ ಎಂಬುದನ್ನು ಥಾಮಸ್ ಸ್ಟೈಟ್ಸ್ ಮತ್ತು ಸಂಗಡಿಗರು ಹರಳುಗಳಿಂದಲೇ ತೋರಿಸಿದರು. ಅಂದರೆ ಬಗ್ಗುವುದು ಬಂದದ್ದು ಮಾತ್ರವಲ್ಲ; ಬರಮಾಡಿಕೊಂಡದ್ದೂ ಬಗ್ಗುತ್ತದೆ.

ಮೂರನೆಯ ಸಂಗತಿ ಬಿಡುವುದನ್ನು ಕುರಿತದ್ದು. ನಮ್ಮ ರಕ್ತದ ಕೆಂಪುಕಣಗಳಲ್ಲಿರುವ ಕಾರ್ಬೋನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ಒಂದು ಅಣು ಒಂದು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ ತನ್ನ ಕೆಲಸವನ್ನು ಮಾಡಬಲ್ಲದು. ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಸಲ ಹಿಡಿಯುತ್ತದೆ, ಹತ್ತು ಲಕ್ಷ ಸಲ ಬಿಡುತ್ತದೆ. ಬಿಡಲಾರದ ಕಿಣ್ವಕ್ಕೆ ಏನಾಗುತ್ತದೆಂಬುದನ್ನು ತಿಳಿಯಲು ಫ್ಲೆಮಿಂಗರ ಎರಡನೆಯ ಆವಿಷ್ಕಾರವನ್ನೇ ನೋಡಬಹುದು. ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಹೆಣೆಯುವ ಕಿಣ್ವವೊಂದು ಪೆನಿಸಿಲಿನ್ನನ್ನು ತನ್ನ ಸ್ವಂತ ಸಬ್‌ಸ್ಟ್ರೇಟೆಂದು ತಪ್ಪಾಗಿ ತಿಳಿದು ಹಿಡಿಯುತ್ತದೆ. ಹಿಡಿದದ್ದನ್ನು ಮತ್ತೆ ಬಿಡಲಾರದು. ಕಿಣ್ವದ ಕೈ ಕಟ್ಟಿಹೋಗುತ್ತದೆ, ಗೋಡೆ ಕಟ್ಟುವ ಕೆಲಸ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಎಷ್ಟೋ ಜನರ ಜೀವವುಳಿಸಿದ ಆ ಔಷಧದ ಗುಟ್ಟು ಇಷ್ಟೇ: ಬಿಡಲಾಗದಂತಹದನ್ನು ಹಿಡಿಸಿಬಿಡುವುದು.

ಇಲ್ಲಿಯವರೆಗೆ ಹೇಳಿದ್ದು ವಿಜ್ಞಾನ. ಇದರಿಂದ ನೀತಿಯನ್ನು ಹಿಂಡಬಹುದೇ ಎಂದು ಓದುಗರು ಕೇಳಿದರೆ, ಹಾಗೆಯೇ ನೇರವಾಗಿ ಹಿಂಡಲಾಗದು ಎಂದೇ ನಮ್ಮ ಉತ್ತರ. ಪ್ರಕೃತಿಯಲ್ಲಿ ಇರುವುದೆಲ್ಲ ಮನುಷ್ಯನು ಮಾಡತಕ್ಕದ್ದಲ್ಲ. ಕಿಣ್ವಕ್ಕೆ ಕರುಣೆಯಿಲ್ಲ. ಲೈಸೊಜೈಮ್ ಸರಪಳಿಯನ್ನು ಬಗ್ಗಿಸುವುದು ಅದನ್ನು ಕಡಿಯುವುದಕ್ಕೆ. ಅದರಲ್ಲಿ ಸರಪಳಿಯ ಹಿತ ಏನೂ ಇಲ್ಲ. ಕಿಣ್ವವು ಕೆಲಸ ಮುಗಿದ ಮೇಲೆ ಮೊದಲಿದ್ದಂತೆಯೇ ಆಗುತ್ತದೆ. ಮನುಷ್ಯರಿಗೆ ನೆರವಾದ ಮನುಷ್ಯ ಹಾಗೆ ಮೊದಲಿದ್ದಂತೆ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಗು ಸಬ್‌ಸ್ಟ್ರೇಟಲ್ಲ. ಅದಕ್ಕೆ ತನ್ನದೇ ಇಚ್ಛೆಯಿದೆ, ತಾಯ್ತಂದೆಯರಿದ್ದಾರೆ. ಆದುದರಿಂದ ಹೋಲಿಕೆಯನ್ನು ಪ್ರಮಾಣವೆಂದು ತಿಳಿಯಬಾರದು. ಆದರೂ ಒಂದು ಒಳ್ಳೆಯ ಹೋಲಿಕೆ ನಾವು ಕಂಡೂ ಕಾಣದಂತಿದ್ದುದನ್ನು ಎದುರಿಗಿಟ್ಟು ತೋರಿಸಬಲ್ಲದು. ನಮಗೆ ಅದು ತೋರಿಸಿದ್ದೇನೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ.

ಕಾಸರಗೋಡಿನ ಶಾಲೆಗಳಲ್ಲಿ ದುಡಿದವರಿಗೆಲ್ಲ ಆರನೆಯ ಕೆಲಸದ ದಿನ ಎಂದರೆ ಏನೆಂದು ಗೊತ್ತಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದು ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ. ಆ ಲೆಕ್ಕದ ಮೇಲೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕರು ಎಂಬುದು ನಿಶ್ಚಯವಾಗುತ್ತದೆ. ಕನ್ನಡ ಮಾಧ್ಯಮದ ಡಿವಿಷನ್ನುಗಳಲ್ಲಿ ಒಂದೆರಡು ಮಕ್ಕಳು ಕಡಿಮೆಯಾದರೂ ಒಂದು ಹುದ್ದೆ ಹೋದಂತೆ. ಅಂತಹ ಒಂದು ಜೂನಿನಲ್ಲಿ, ಎಣಿಕೆಗೆ ಎರಡು ದಿನ ಇರುವಾಗ, ಐದನೆಯ ತರಗತಿಯ ಹುಡುಗಿಯೊಬ್ಬಳ ತಂದೆ ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತು, "ಮಾಷ್ಟ್ರೇ, ಮಗಳದ್ದೊಂದು ಟಿ.ಸಿ. ಬರೆದುಕೊಡಬೇಕಿತ್ತು" ಎಂದರು. ಹುಡುಗಿಯ ತಾಯಿಗೆ ಕಾಯಿಲೆ. ಕಾಞಂಗಾಡಿನ ಆಚೆ ತವರಿನಲ್ಲಿದ್ದರು. ಮಗಳನ್ನು ಅಲ್ಲಿಯೇ ಮಲಯಾಳ ಶಾಲೆಗೆ ಸೇರಿಸಬೇಕೆಂದಿದ್ದರು.

ನಾವು ಮೊದಲು ಕನ್ನಡದ ಬಗ್ಗೆ ಮಾತನಾಡಿದೆವು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಈಗ ಒಮ್ಮೆಲೇ ಮಲಯಾಳವೆಂದರೆ ಮಗುವಿಗೆ ಕಷ್ಟವಾಗದೇ ಎಂದು ಕೇಳಿದೆವು. ಅವರು ಸುಮ್ಮನೆ ಕೇಳುತ್ತಿದ್ದರು. ಕೊನೆಗೆ, ಗುಮಾಸ್ತರು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂದೆವು. ಗುಮಾಸ್ತರು ಪಕ್ಕದ ಕೋಣೆಯಲ್ಲಿಯೇ ಇದ್ದರು. ಆ ತಂದೆ ನಮಸ್ಕಾರ ಮಾಡಿ ಹೋದರು, ಹೇಳಿದ ದಿನ ಬಂದರು, ಟಿ.ಸಿ. ತೆಗೆದುಕೊಂಡರು. ಎಣಿಕೆ ಮುಗಿದಿತ್ತು, ಡಿವಿಷನ್ ಉಳಿದಿತ್ತು. ಹತ್ತು ದಿನ ಆ ಹುಡುಗಿ ಕಾಯಿಲೆಯ ತಾಯಿಯಿಂದ ದೂರವಿದ್ದು ನಮ್ಮ ಬೆಂಚಿನಲ್ಲಿ ಕುಳಿತಿದ್ದಳು. ಮುಂದಿನ ವರ್ಷ ಆ ಡಿವಿಷನ್ ಹೇಗೂ ಹೋಯಿತು.

ಯಾರೂ ನಮ್ಮನ್ನು ಆಕ್ಷೇಪಿಸಲಿಲ್ಲ. ಸಹೋದ್ಯೋಗಿಗಳು ಒಬ್ಬರ ಅನ್ನ ಉಳಿಯಿತೆಂದು ಸಮಾಧಾನಪಟ್ಟರು. ಅದು ಸುಳ್ಳೂ ಅಲ್ಲ. ಭಾಷೆಗಾಗಿ ಮಾಡಿದೆವೆಂದು ನಾವೂ ನಂಬಿದ್ದೆವು. ಹತ್ತು ದಿನವೆಂದರೆ ಎಷ್ಟು ಮಹಾ ಎಂದು ಈಗಲೂ ಒಮ್ಮೊಮ್ಮೆ ಮನಸ್ಸು ವಾದಿಸುವುದುಂಟು. ಆದರೆ ಹಿಡಿತವು ಯಾವುದಕ್ಕಾಗಿ ಎಂದು ಕೇಳಿದಾಗ ಆ ವಾದ ನಿಲ್ಲುವುದಿಲ್ಲ. ಆ ಹತ್ತು ದಿನ ನಾವು ಹಿಡಿದದ್ದು ಹುಡುಗಿ ದಾಟಬೇಕಾಗಿದ್ದ ಘಟ್ಟದಲ್ಲಿ ಅವಳಿಗೆ ಆಸರೆಯಾಗಿ ಅಲ್ಲ. ನಮ್ಮ ಲೆಕ್ಕ ಕೆಡಬಾರದೆಂದು ಘಟ್ಟದ ದಾರಿಯನ್ನೇ ಅಡ್ಡಗಟ್ಟಿದೆವು. ಅವಳ ಸಂಕ್ರಮಣಕಾಲದಲ್ಲಿ ನಾವು ಮಾಡಬಹುದಾಗಿದ್ದ ಕೆಲಸ ಬೇರೆಯೇ ಇತ್ತು. ಆ ದಿನವೇ ಟಿ.ಸಿ. ಬರೆದು, ಅಲ್ಲಿಯ ಅಧ್ಯಾಪಕರಿಗೊಂದು ಪತ್ರ ಕೊಟ್ಟು, ಮಲಯಾಳ ಅಕ್ಷರಮಾಲೆಯ ಪುಸ್ತಕವೊಂದನ್ನು ಕೈಯಲ್ಲಿಟ್ಟು, ಕನ್ನಡದ ಎರಡು ಕತೆ ಪುಸ್ತಕಗಳನ್ನೂ ಜತೆಗೆ ಕೊಟ್ಟು ಕಳುಹಿಸಬಹುದಾಗಿತ್ತು.

ಆರನೆಯ ದಿನದ ಎಣಿಕೆಯೂ ಒಂದು ಬಗೆಯಲ್ಲಿ ಹರಳಿನ ಚಿತ್ರವೇ. ಚಿತ್ರ ತೆಗೆಯಬೇಕಾದರೆ ನಡೆಯುತ್ತಿರುವುದನ್ನು ನಿಲ್ಲಿಸಬೇಕು. ಜಾನ್ಸನ್ ಅವರು ಕಿಣ್ವವನ್ನು ಕಂಡದ್ದು ಅದು ಕೆಲಸ ಮಾಡಲಾಗದ ಸ್ಥಿತಿಯಲ್ಲಿ. ವಿಜ್ಞಾನಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದುದರಿಂದಲೇ ಅವರು ಆ ಚಿತ್ರವನ್ನು ಕೊನೆಯ ಮಾತೆಂದು ತಿಳಿಯಲಿಲ್ಲ. ಸರಪಳಿ ಕಡಿಯುವ ಗಳಿಗೆಯಲ್ಲಿ ಸಕ್ಕರೆಯು ಕಿಣ್ವಕ್ಕೆ ರಾಸಾಯನಿಕವಾಗಿ ಅಂಟಿಕೊಳ್ಳುವುದಿಲ್ಲ ಎಂಬ ಫಿಲಿಪ್ಸರ ವಿವರಣೆ 30 ವರ್ಷಗಳಿಗೂ ಮಿಗಿಲಾಗಿ ಪಠ್ಯಪುಸ್ತಕಗಳಲ್ಲಿತ್ತು. 2001ರಲ್ಲಿ ಕೆನಡಾದ ಸ್ಟೀಫನ್ ವಿದರ್ಸ್, ಬ್ರಿಟನ್ನಿನ ಗಿಡಿಯನ್ ಡೇವಿಸ್ ಮೊದಲಾದವರು ಕಿಣ್ವದ ಒಂದು ಅಮೈನೋ ಆಮ್ಲವನ್ನು ಬದಲಿಸಿ, ಸಕ್ಕರೆಗೆ ಫ್ಲೋರಿನ್ ಪರಮಾಣುವನ್ನು ಕೂಡಿಸಿ, ಕೆಲಸವು ನಡುವೆಯೇ ನಿಧಾನವಾಗುವಂತೆ ಮಾಡಿ ಚಿತ್ರ ತೆಗೆದರು. ಕ್ಷಣಕಾಲ ಅವೆರಡೂ ಅಂಟಿಕೊಂಡೇ ಇರುತ್ತವೆ ಎಂಬುದು ಕಂಡಿತು. ಕೋಶ್‌ಲಂಡ್ 1953ರಲ್ಲಿಯೇ ಅಂತಹ ದಾರಿಯೊಂದನ್ನು ಸೂಚಿಸಿದ್ದರು. ಹಳೆಯ ಚಿತ್ರ ಸುಳ್ಳಾಗಲಿಲ್ಲ. ಅದು ಹೇಳಲಾರದ್ದನ್ನು ಅದರಿಂದ ಹೇಳಿಸಿದ್ದು ತಪ್ಪಾಗಿತ್ತು. ನಾವು ಮಕ್ಕಳ ವಿಷಯದಲ್ಲಿ ಈ ತಪ್ಪನ್ನು ಪ್ರತಿದಿನ ಮಾಡುತ್ತೇವೆ. ಅಂಕಪಟ್ಟಿ, ಹಾಜರಿ ಪುಸ್ತಕ, ಟಿ.ಸಿ.ಯಲ್ಲಿನ ನಡತೆಯ ಕಲಂ, ಇವೆಲ್ಲ ನಿಲ್ಲಿಸಿ ತೆಗೆದ ಚಿತ್ರಗಳು. ಅವು ಬೇಕು. ಆದರೆ ಅವುಗಳಲ್ಲಿ ಕಾಣುವುದು ಮಗು ಇದ್ದ ಜಾಗ; ಆಗುತ್ತಿರುವುದು ಕಾಣುವುದಿಲ್ಲ.

ಈ ಮಾತುಗಳಿಂದ ಕನ್ನಡ ಶಾಲೆಗಳು ಬರಿದಾದರೆ ಆಗಲಿ ಎಂಬ ಅರ್ಥವನ್ನು ಯಾರೂ ತೆಗೆಯಬಾರದು. ಸಡಿಲವಾಗಿ ಹಿಡಿಯುವ ಕಿಣ್ವದಿಂದಲೂ ಏನೂ ಆಗದು. ಹಿಡಿತವೇ ಇಲ್ಲದಲ್ಲಿ ಬಿಡುವ ಮಾತೆಲ್ಲಿ? 1956ರ ನವೆಂಬರ್ 1ರಂದು ನಮ್ಮ ಊರುಗಳು ಕೇರಳಕ್ಕೆ ಸೇರಿದ ಮೇಲೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತಿದೆ. ಹುದ್ದೆಗಳಿಗಾಗಿ, ಪುಸ್ತಕಗಳಿಗಾಗಿ, ಕನ್ನಡ ಬಲ್ಲ ಅಧ್ಯಾಪಕರಿಗಾಗಿ ಹೋರಾಡುವುದು ನ್ಯಾಯ. ನಮ್ಮ ಹಿರಿಯರು ಮಾಡಿದ್ದಾರೆ, ನಾವೂ ಮಾಡಬೇಕು. ಆ ಹೋರಾಟ ಸರಕಾರದ ಮುಂದೆ ನಡೆಯಲಿ. ಶಾಲೆಯನ್ನು ಉಳಿಸುವ ಭಾರವನ್ನು ಹತ್ತು ವರ್ಷದ ಮಗುವಿನ ಹೆಗಲಿಗೆ ದಾಟಿಸಬಾರದು ಎಂಬುದಷ್ಟೇ ನಮ್ಮ ಮಾತು. ದಾಟಿಸಿದವರು ನಾವಾದುದರಿಂದ ಹೇಳುತ್ತಿದ್ದೇವೆ.

ನಮ್ಮ ಗಡಿನಾಡಿನ ಕನ್ನಡ ಶಾಲೆಯ ಹೆಚ್ಚುಗಾರಿಕೆ ಎಂದೂ ಬೀಗ ಮತ್ತು ಕೈಯ ಹೊಂದಿಕೆಯಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ನಮ್ಮ ಬೆಂಚುಗಳಲ್ಲಿ ಕುಳಿತ ಮಕ್ಕಳ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ, ಹವ್ಯಕ ಕನ್ನಡ. ಪುಸ್ತಕದ ಕನ್ನಡಕ್ಕೆ ತಕ್ಕಂತೆ ಹುಟ್ಟಿ ಬಂದ ಮಕ್ಕಳು ಕಡಿಮೆ. ಮಕ್ಕಳು ಸ್ವಲ್ಪ ಬಗ್ಗಿದರು. ಮಾಷ್ಟ್ರುಗಳು ಲೆಕ್ಕವನ್ನು ತುಳುವಿನಲ್ಲಿ ವಿವರಿಸಿ, ಅಳುವ ಮಗುವನ್ನು ಅದರ ಮನೆಮಾತಿನಲ್ಲಿ ಸಂತೈಸಿ, ತಾವೂ ಬಗ್ಗಿದರು. ಹಾಗೆ ಎರಡೂ ಕಡೆ ಬಗ್ಗಿದಲ್ಲಿ ಕನ್ನಡ ಬೆಳೆದಿದೆ. ಬೆಳೆದ ಮಕ್ಕಳು ಮಂಗಳೂರಿಗೆ, ಬೆಂಗಳೂರಿಗೆ, ಕಣ್ಣೂರಿಗೆ, ಕೊಲ್ಲಿ ದೇಶಗಳಿಗೆ ಹೋದರು. ಅವರನ್ನು ಹೋಗಗೊಟ್ಟದ್ದರಿಂದ ಶಾಲೆ ಸೋತಿತೆಂದು ನಾವು ಎಂದೂ ತಿಳಿಯಲಿಲ್ಲ. ಸೋಲಿನ ಭಯ ಹಿಡಿದ ಮೇಲೆ ಮಾತ್ರ ಕೈ ಬಿಗಿಯಾಯಿತು.

ನಮ್ಮ ಸಭೆಗಳಲ್ಲಿ ಕನ್ನಡವನ್ನು ಉಳಿಸಿಕೊಳ್ಳಬೇಕು, ಮಕ್ಕಳನ್ನು ಹಿಡಿದಿಟ್ಟುಕೊಳ್ಳಬೇಕು ಎಂಬ ಮಾತು ಬಹಳ ಕೇಳಿಬರುತ್ತದೆ. ಕನ್ನಡದಲ್ಲಿ ಕ್ರಿಯಾಪದಕ್ಕೆ 'ಕೊಳ್ಳು' ಸೇರಿದರೆ ಫಲ ತನ್ನ ಕಡೆಗೆ ಬರುತ್ತದೆ. 'ಕೊಡು' ಸೇರಿದರೆ ಎದುರಿನವರಿಗೆ ಹೋಗುತ್ತದೆ. ಹಿಡಿದುಕೊಳ್ಳುವುದು, ಇಟ್ಟುಕೊಳ್ಳುವುದು ಒಂದು ಬಗೆ. ಹೇಳಿಕೊಡುವುದು, ಬಿಟ್ಟುಕೊಡುವುದು ಇನ್ನೊಂದು ಬಗೆ. ಪಾಠ ಕಲಿಸುವುದಕ್ಕೆ ನಮ್ಮ ಜನ ಆರಿಸಿಕೊಂಡಿರುವುದು ಹೇಳಿಕೊಡು ಎಂಬ ಮಾತನ್ನು. ಆ ತಂದೆಯೂ ಅಂದು ಬಾಗಿಲಲ್ಲಿ ನಿಂತು, ಬರೆದುಕೊಡಿ ಎಂದೇ ಕೇಳಿದ್ದರು. ನಾವು ಇಟ್ಟುಕೊಂಡೆವು.

ಹುಡುಗಿ ಈಗ ಎಲ್ಲಿದ್ದಾಳೋ, ಕನ್ನಡ ಓದುತ್ತಾಳೋ ಇಲ್ಲವೋ ತಿಳಿಯದು. ಇಂದು ಯಾವುದಾದರೂ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿರುವ ಕಿರಿಯ ಮಿತ್ರರು ಈ ಸಂಚಿಕೆಯನ್ನು ಓದುತ್ತಿದ್ದರೆ, ಅವರಲ್ಲಿ ಒಂದು ವಿನಂತಿ. ಎಣಿಕೆಗೆ ಎರಡು ದಿನ ಇರುವಾಗ ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ, ಒಳಗೆ ಕರೆದು ಕೂರಿಸಿ, ಮಗು ಎಲ್ಲಿಗೆ ಹೋಗುತ್ತಿದೆ, ಅಲ್ಲಿ ಅದಕ್ಕೆ ಯಾವುದು ಕಷ್ಟವಾದೀತು ಎಂದು ಮೊದಲು ಕೇಳಿ. ಆ ಕಷ್ಟಕ್ಕೆ ನಿಮ್ಮಿಂದಾಗುವ ಆಸರೆಯನ್ನು ಕೊಡಿ. ಆಮೇಲೆ, ಅದೇ ದಿನ, ಟಿ.ಸಿ. ಬರೆದುಕೊಡಿ.